ನನ್ನ ಕಡೆ ಸರಿಯಾಗಿದೆ

ನಮ್ಮೂರಿನ ಬೀದಿಗಳು ಬೆಳಿಗ್ಗೆ ಆರಕ್ಕೆ ಜಾಗ ಬದಲಿಸುತ್ತವೆ. ಬೀದಿಯೊಳಗಿನ ಮನೆಗಳು ಇದ್ದಲ್ಲೇ ಇರುತ್ತವೆ, ಎದುರು ಮನೆಯವರು ಎದುರಿಗೇ ಇರುತ್ತಾರೆ, ಅವರ ಜೊತೆಗಿನ ಜಗಳವೂ ಅಲ್ಲೇ ಇರುತ್ತದೆ. ಆದರೆ ನಿನ್ನೆ ನಮ್ಮ ಬೀದಿಯ ತುದಿಗೆ ಅಂಚೆ ಕಚೇರಿ ಇದ್ದರೆ ಇವತ್ತು ಅಲ್ಲಿ ಕಮ್ಮಾರ ಸಾಲು ಇರಬಹುದು, ನಾಳೆ ಕೆರೆಯ ಏರಿ. ಹೊರಗಿನಿಂದ ಬಂದವರಿಗೆ ಇದು ದೊಡ್ಡ ಸಂಗತಿ ಅನ್ನಿಸುತ್ತದಂತೆ. ನಮಗೆ ಅಭ್ಯಾಸವಾಗಿದೆ. ಮದುವೆಯ ಕರೆಯೋಲೆಯಲ್ಲಿ ವಿಳಾಸದ ಜಾಗದಲ್ಲಿ "ಅಂದಿನ ದಿನ ಕೇಳಿಕೊಂಡು ಬರುವುದು" ಎಂದು ಅಚ್ಚು ಹಾಕಿಸುತ್ತೇವೆ. ಶಾಲೆಗಳಲ್ಲಿ ಹತ್ತೂವರೆಯವರೆಗೆ ಹಾಜರಿ ಕರೆಯುವುದಿಲ್ಲ. ಹೆಣ್ಣು ಕೊಡುವವರು ಹುಡುಗನ ಬೀದಿ ಎಂಥದು ಎಂದು ವಿಚಾರಿಸುತ್ತಾರೆ. ತೀರಾ ಅಲೆಯುವ ಬೀದಿಯಾದರೆ ಎರಡು ದಿನ ಯೋಚಿಸಿ ಹೇಳುತ್ತೇವೆ ಅನ್ನುತ್ತಾರೆ.

ನಾನು ಈ ಊರಿನ ಗ್ರಂಥಾಲಯದ ಗುಮಾಸ್ತ. ಹೆಸರು ಗುರುಪಾದ. ಓದುಗರು ಗ್ರಂಥಾಲಯ ಹುಡುಕಿಕೊಂಡು ಬರುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗುತ್ತಿದ್ದುದರಿಂದ ನನಗೆ ಬಿಡುವು ಬೇಕಾದಷ್ಟು ಇತ್ತು. ಮೇಜಿನ ಮೇಲೆ ಒಂದು ಕಂಪ್ಯೂಟರೂ ಇತ್ತು. ಮೂರು ವರ್ಷ ನಾನು ಬಂದ ಓದುಗರನ್ನೆಲ್ಲ "ಯಾವ ದಾರಿಯಿಂದ ಬಂದ್ರಿ?" ಎಂದು ಕೇಳಿ ಬರೆದುಕೊಂಡೆ. ಬೀದಿಗಳು ಮನಸ್ಸಿಗೆ ಬಂದಂತೆ ಅಲೆಯುವುದಿಲ್ಲ, ಅವಕ್ಕೂ ಒಂದು ರೂಢಿ ಇದೆ ಎಂದು ನನಗೆ ಹೊಳೆಯಿತು. ಆ ರೂಢಿಯನ್ನು ಲೆಕ್ಕ ಹಾಕಿ ಅಂದಂದಿನ ದಾರಿ ಹೇಳುವ ಒಂದು ಆ್ಯಪ್ ಬರೆದೆ. ಅದಕ್ಕೆ 'ಇವತ್ತಿನ ದಾರಿ' ಎಂದು ಹೆಸರಿಟ್ಟೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುವ ದನಿಯೂ ನನ್ನದೇ. ಬೇರೆಯವರ ದನಿ ಹಾಕಬಹುದಿತ್ತು, ಆದರೆ ನನಗೆ ಕೇಳಿಸಿದ ಮಟ್ಟಿಗೆ ನನ್ನದೇ ಗಂಭೀರವಾಗಿತ್ತು.

ಆ್ಯಪಿನ ಕೋಡನ್ನು ನಾನು ಎಲ್ಲರಿಗೂ ಬಿಟ್ಟುಕೊಟ್ಟೆ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಬೇಕಾದವರು ಒಯ್ದು ತಮ್ಮದೇ ಮಾಡಿಕೊಳ್ಳಬಹುದು, ತಪ್ಪು ಕಂಡವರು ದೂರು ಬರೆಯಬಹುದು. "ಇದು ನನ್ನದಲ್ಲ, ನಮ್ಮೆಲ್ಲರದು" ಎಂಬ ವಾಕ್ಯವನ್ನು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಅದನ್ನು ಬರೆಯುವಾಗ ನನಗೆ ಕಣ್ಣು ತುಂಬಿ ಬಂದದ್ದು ನಿಜ. ಅದರ ಕೆಳಗೆ ನನ್ನ ಹೆಸರು, ಫೋಟೋ, ಮತ್ತು ನನ್ನ ಶ್ರಮದ ಬಗ್ಗೆ ಎರಡು ಪುಟದ ಲೇಖನ ಇತ್ತು.

ಊರವರು ನನ್ನ ಮಾತನ್ನು ನಂಬಿದರು. ದೂರುಗಳು ಬರತೊಡಗಿದವು. ಫೋನಿನಲ್ಲಿ ಬರೆಯಲು ಬಾರದವರಿಗೆಂದು ಗ್ರಂಥಾಲಯದ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟಿದ್ದೆ, ಅದರಲ್ಲಿ ಚೀಟಿಗಳೂ ಬಿದ್ದವು. "ನಿಮ್ಮ ದಾರಿ ಹಿಡಿದು ಸಂತೆಗೆ ಹೊರಟೆ, ಬೀಗರ ಮನೆ ಸಿಕ್ಕಿತು, ಉಂಡು ಬರಬೇಕಾಯಿತು" ಎಂದು ಒಬ್ಬರು. "ನಿನ್ನೆ ಸರಿ ಹೇಳಿತ್ತು, ಇವತ್ತೂ ನಿನ್ನೆಯದನ್ನೇ ಹೇಳುತ್ತಿದೆ" ಎಂದು ಇನ್ನೊಬ್ಬರು. ನಾನು ಒಂದೊಂದನ್ನೂ ಓದುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದೆ. ಉತ್ತರ ಬರೆಯುವ ಕಷ್ಟ ಬೇಡವೆಂದು ನಾಲ್ಕು ಉತ್ತರಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ: ವಿವರ ಸಾಲದು. ಇದನ್ನು ಮೊದಲೇ ಯಾರೋ ಹೇಳಿದ್ದಾರೆ. ಇದು ತಪ್ಪಲ್ಲ, ಆ್ಯಪಿನ ಸ್ವಭಾವ. ನಾಲ್ಕನೆಯದು ನನಗೆ ಬಹಳ ಪ್ರಿಯವಾದದ್ದು: ನನ್ನ ಕಡೆ ಸರಿಯಾಗಿದೆ. ನನ್ನ ಕಡೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ನಾನು ಬೆಳಿಗ್ಗೆ ಒಮ್ಮೆ ಗ್ರಂಥಾಲಯಕ್ಕೆ ಬಂದು ಕುಳಿತರೆ ಸಂಜೆ ಒಮ್ಮೆ ಮನೆಗೆ ಹೋಗುವ ಮನುಷ್ಯ.

ಮೊದಲು ಕೋಡ್ ತಿದ್ದಿ ಕಳಿಸಿದವರು ಹೆಣ್ಣುಮಕ್ಕಳ ಶಾಲೆಯ ಗಣಿತದ ಟೀಚರ್ ಮೆಹರುನ್ನಿಸಾ. ಅರುವತ್ತು ಸಾಲಿನ ತಿದ್ದುಪಡಿ. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಆದದ್ದು ಬೇರೆ, ನಮ್ಮ ಮನೆಯ ಅಡುಗೆಮನೆಯಲ್ಲಿ ಯಾರೋ ಡಬ್ಬಿಗಳ ಜಾಗ ಬದಲಿಸಿದ ಹಾಗೆ ಅನ್ನಿಸಿತು. ಇಪ್ಪತ್ಮೂರು ಟಿಪ್ಪಣಿ ಬರೆದು ವಾಪಸ್ ಕಳಿಸಿದೆ. ಅದರಲ್ಲಿ ಹತ್ತೊಂಬತ್ತು, ಸಾಲಿನ ಮೊದಲು ಎಷ್ಟು ಜಾಗ ಬಿಡಬೇಕು ಎಂಬುದರ ಬಗ್ಗೆ. ಅವರು ಎಲ್ಲವನ್ನೂ ತಿದ್ದಿ ಮತ್ತೆ ಕಳಿಸಿದರು. ನಾನು ಮತ್ತೆ ಹನ್ನೊಂದು ಟಿಪ್ಪಣಿ ಹುಡುಕಿದೆ. ಕೋಡಿನೊಳಗೆ ಅವರು ಒಂದು ಲೆಕ್ಕಕ್ಕೆ ಇಟ್ಟಿದ್ದ ಹೆಸರು ನನ್ನ ಕಿವಿಗೆ ಹಿತವಾಗಿಲ್ಲ ಎಂದೂ ಬರೆದೆ. ಮೂರನೇ ಸಲ ಅವರಿಂದ ಏನೂ ಬರಲಿಲ್ಲ. "ಈ ಊರಿನಲ್ಲಿ ಕೈಜೋಡಿಸುವ ಮನಸ್ಸು ಯಾರಿಗೂ ಇಲ್ಲ" ಎಂದು ಮೊದಲ ಪುಟದಲ್ಲಿ ಒಂದು ದುಃಖದ ಪ್ರಕಟಣೆ ಹಾಕಿದೆ. ಆ ಅರುವತ್ತು ಸಾಲು ಏನು ಮಾಡುತ್ತವೆ ಎಂದು ನಾನು ಪೂರ್ತಿ ಓದಿರಲಿಲ್ಲ.

ಇನ್ನೊಬ್ಬರು ಕಾಶವ್ವ. ಆಸ್ಪತ್ರೆಯ ನರ್ಸು, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವವರು. ಅವರ ದೂರು ಚೀಟಿಯಲ್ಲಿ ಬರುತ್ತಿತ್ತು, ಔಷಧಿ ಬರೆದುಕೊಡುವ ಕಾಗದದ ಹಿಂಬದಿಯಲ್ಲಿ. "ಮಳೆ ಬಂದ ಮರುದಿನ ನೇಕಾರ ಓಣಿ ಎರಡು ಸಲ ಸರಿಯುತ್ತದೆ. ಆರಕ್ಕೊಮ್ಮೆ, ಹನ್ನೊಂದರ ಮೇಲೆ ಇನ್ನೊಮ್ಮೆ." ಬೀದಿಗಳು ದಿನಕ್ಕೆ ಒಂದೇ ಸಲ ಸರಿಯುವುದೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ನಾನು ನಾಲ್ಕನೇ ಉತ್ತರ ಕಳಿಸಿದೆ. ಎರಡು ತಿಂಗಳ ಮೇಲೆ ಅದೇ ಚೀಟಿ ಮತ್ತೆ ಬಂತು. ಎರಡನೇ ಉತ್ತರ ಕಳಿಸಿದೆ, ಅದನ್ನು ಮೊದಲೇ ಯಾರೋ ಹೇಳಿದ್ದಾರೆ ಎಂದು. ಮೊದಲೇ ಹೇಳಿದವರೂ ಅವರೇ. ಹೀಗೆ ಏಳು ಚೀಟಿ. ಒಂದೂ ಕೋಪದ್ದಲ್ಲ. ಪ್ರತಿಸಲವೂ ಅದೇ ಎರಡು ಸಾಲು, ಹೊಸ ತಾರೀಖಿನೊಂದಿಗೆ.

ಈ ನಡುವೆ ಆ್ಯಪ್ ಬಳಸುವವರ ಸಂಖ್ಯೆ ಕಡಿಮೆಯಾಗುತ್ತ ಬಂತು. ನನಗೆ ಚಿಂತೆಯಾಗಲಿಲ್ಲ. ನನ್ನ ಆ್ಯಪ್ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದೆಯೆಂದರೆ ಜನರಿಗೆ ಬೀದಿಗಳ ರೂಢಿ ಬಾಯಿಪಾಠವಾಗಿಬಿಟ್ಟಿದೆ ಎಂದುಕೊಂಡೆ. ಅದನ್ನು ಒಂದು ಲೇಖನವಾಗಿಯೂ ಬರೆದೆ. ಆಸ್ಪತ್ರೆಗೆ ಹೋಗಿ, ಮೂರು ಮನವಿ ಕೊಟ್ಟು, ಅವರ ಗಾಡಿಯಲ್ಲಿ 'ಇವತ್ತಿನ ದಾರಿ'ಯನ್ನೇ ಹಾಕಬೇಕೆಂದು ಆದೇಶವನ್ನೂ ಮಾಡಿಸಿದೆ. ನನ್ನ ದನಿ ಆಸ್ಪತ್ರೆಯ ಗಾಡಿಯಲ್ಲಿ ಕೇಳಿಸಬೇಕು ಎಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಆ ವರ್ಷದ ಮೊದಲ ದೊಡ್ಡ ಮಳೆ ಒಂದು ಸೋಮವಾರ ಬಂತು. ಮಂಗಳವಾರ ಹನ್ನೊಂದೂವರೆ ದಾಟಿತ್ತು, ನಾನು ಚಹಾ ಕುಡಿಯುತ್ತಿದ್ದೆ. ಗ್ರಂಥಾಲಯದ ಫೋನ್ ರಿಂಗಾಯಿತು.

"ಸರ, ನಾ ದ್ಯಾಮಣ್ಣ, ದವಾಖಾನಿ ಗಾಡಿ ಡ್ರೈವರ. ನೇಕಾರ ಓಣಿಗೆ ಆಕ್ಸಿಜನ್ ತಗೊಂಡ್ ಹೊಂಟೀನಿ. ನಿಮ್ಮ ಆ್ಯಪ್ ಓಣಿ ಬಂತು, ಇಳೀರಿ ಅನ್ನಾಕ್ಹತ್ತೇತಿ. ಇಲ್ಲಿ ಕೆರಿ ಐತ್ರಿ."

ಅಧಿಕಾರದಿಂದ ಮಾತಾಡಬೇಕಾದಾಗ ನನ್ನ ಬಾಯಿಗೆ ಪುಸ್ತಕದ ಕನ್ನಡ ಬರುತ್ತದೆ. "ಸರಿಯಾಗಿ ನೋಡಿ. ತಾವು ನೇಕಾರ ಓಣಿಯಲ್ಲಿಯೇ ಇದ್ದೀರಿ," ಎಂದೆ.

"ಎಮ್ಮಿ ನೀರಾಗ ಮಲಗ್ಯಾವ್ರಿ ಸರ."

"ನನ್ನ ಕಡೆ ಸರಿಯಾಗಿದೆ."

ದ್ಯಾಮಣ್ಣ ಮೆಲ್ಲಗೆ, "ನಿಮ್ಮ ಕಡೆ ಸರಿ ಇದ್ರ ಏನ್ ಮಾಡೂಣ್ರಿ? ಅಲ್ಲಿ ಮಗ್ಗದ ಈರಣ್ಣ ಉಸರಿಗೆ ಒದ್ದಾಡಾಕ್ಹತ್ಯಾನ," ಎಂದ.

ಈರಣ್ಣನನ್ನು ನಾನು ಬಲ್ಲೆ. ನನ್ನ ಮದುವೆಯಲ್ಲಿ ಹೆಂಡತಿ ಉಟ್ಟ ಸೀರೆ ನೇಯ್ದವನು. ನಲವತ್ತು ವರ್ಷ ನೂಲಿನ ಧೂಳು ಕುಡಿದು ಅವನ ಎದೆ ಹಾಳಾಗಿತ್ತು, ಥಂಡಿ ಬಿದ್ದರೆ ಉಸಿರು ಕಟ್ಟುತ್ತಿತ್ತು. ನಾನು ಚಹಾದ ಲೋಟ ಇಟ್ಟು, ಫೋನ್ ಹಿಡಿದು ಓಡಿದೆ. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಆ್ಯಪ್ ಹೇಳಿದ ಕಡೆ ಓಡಿದೆ. ಬೇರೆ ಯಾವುದನ್ನು ನಂಬಲಿ? "ಎಡಕ್ಕೆ ತಿರುಗಿ" ಎಂದು ನನ್ನ ಗಂಭೀರ ದನಿ ಹೇಳಿತು. ತಿರುಗಿದೆ. "ಬಲಕ್ಕೆ ತಿರುಗಿ" ಎಂದಿತು. ತಿರುಗಿದೆ. ಮೀನು ಮಾರುಕಟ್ಟೆಯ ಹಿಂದಿನ ಗೋಡೆ ಎದುರಾಯಿತು. "ನೇರವಾಗಿ ಮುಂದೆ ಸಾಗಿ" ಎಂದಿತು. ನಾನು ಗೋಡೆಗೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತೆ. ಮೀನು ಕೊಯ್ಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ಅಷ್ಟರಲ್ಲಿ ಹಿಂದೆ ಒಂದು ಸ್ಕೂಟರ್ ಬಂದು ನಿಂತಿತು. ಮೆಹರುನ್ನಿಸಾ ಟೀಚರ್. ಸೆರಗಿನ ಮೇಲೆ ಸೀಮೆಸುಣ್ಣದ ಪುಡಿ ಹಾಗೇ ಇತ್ತು, ಪಾಠದ ನಡುವೆ ಎದ್ದು ಬಂದಿದ್ದರು.

"ನೇಕಾರ ಓಣಿಗೇನ್ರಿ? ಹತ್ರಿ ಹಿಂದ," ಎಂದರು. "ಕಾಶಕ್ಕ ನನಗ ಫೋನ್ ಮಾಡ್ಯಾರ. ಮೊದ್ಲ ಕೆರಿಗೆ ಹೋಗಿ ಗಾಡಿ ಕರ್ಕೊಂಡ್ ಹೋಗೂಣು."

"ನಿಮಗ ದಾರಿ ಹ್ಯಾಂಗ ಗೊತ್ತು?"

"ಹತ್ರಿ ಮೊದ್ಲ."

ಹತ್ತಿದೆ. ಅವರ ಸ್ಕೂಟರಿನ ಹಿಡಿಕೆಗೆ ಕಟ್ಟಿದ ಫೋನಿನಲ್ಲಿ ನನ್ನ ಆ್ಯಪಿನ ಹಾಗೆಯೇ ಇರುವ ಒಂದು ನಕ್ಷೆ ಇತ್ತು, ಬಣ್ಣ ಮಾತ್ರ ಬೇರೆ. ಅದರಲ್ಲಿ ನೇಕಾರ ಓಣಿ ಧಾನ್ಯದ ಗೋದಾಮಿನ ಪಕ್ಕದಲ್ಲಿತ್ತು. ನನ್ನ ಕೈಯಲ್ಲಿದ್ದ ಫೋನು ಇನ್ನೂ, "ದಾರಿ ತಪ್ಪಿದ್ದೀರಿ, ಹಿಂದಿರುಗಿ" ಎಂದು ಒದರುತ್ತಿತ್ತು.

"ಅದರ ಬಾಯಿ ಮುಚ್ಚಸ್ರಿ ಸ್ವಲ್ಪ," ಎಂದರು ಟೀಚರ್. ಮುಚ್ಚಿಸಿದೆ.

ಕೆರೆಯ ಬಳಿ ದ್ಯಾಮಣ್ಣನ ಗಾಡಿ ನಮ್ಮ ಹಿಂದೆ ಹೊರಟಿತು. ಏಳೆಂಟು ನಿಮಿಷದಲ್ಲಿ ನೇಕಾರ ಓಣಿ ಸಿಕ್ಕಿತು. ಈರಣ್ಣ, ನೇಯುವಾಗ ಕಾಲಿಳಿಬಿಡುವ ಮಗ್ಗದ ಕುಣಿಯ ಅಂಚಿನ ಮೇಲೆ ಕುಳಿತಿದ್ದ. ತುಟಿ ನೀಲಿಗಟ್ಟಿತ್ತು, ಕಣ್ಣು ಹೊರಗೆ ಬರುವಂತಿತ್ತು, ಒಂದೊಂದು ಉಸಿರಿಗೂ ಭುಜ ಕಿವಿಯವರೆಗೆ ಏರುತ್ತಿತ್ತು. ಕಾಶವ್ವ ಅವನ ಹಿಂದೆ ಕುಳಿತು, ತಮ್ಮ ಬೆನ್ನನ್ನು ಅವನ ಬೆನ್ನಿಗೆ ಕೊಟ್ಟು, ಅವನು ಹಿಂದಕ್ಕೆ ಕುಸಿಯದಂತೆ ನೆಟ್ಟಗೆ ಕೂರಿಸಿದ್ದರು. ಅರ್ಧ ಗಂಟೆಯಿಂದ ಹಾಗೆಯೇ ಕುಳಿತಿದ್ದರಂತೆ. ದ್ಯಾಮಣ್ಣ ಸಿಲಿಂಡರ್ ತಂದ, ಕಾಶವ್ವ ಮಾಸ್ಕ್ ಹಾಕಿದರು. ಓಣಿಯ ಜನರೆಲ್ಲ ಬಾಗಿಲಲ್ಲಿ ನಿಂತಿದ್ದರು. ಈರಣ್ಣನ ಭುಜ ಕೆಳಗಿಳಿಯುವುದನ್ನು ನಾವೆಲ್ಲ ನೋಡುತ್ತ ನಿಂತೆವು. ಅದು ಬಹಳ ನಿಧಾನವಾಗಿ ಇಳಿಯಿತು.

ಕಾಶವ್ವ ಆಗ ತಲೆಯೆತ್ತಿ ನನ್ನನ್ನು ನೋಡಿದರು. "ಇವ್ರ್ಯಾರು?"

ಏಳು ಚೀಟಿ ಬರೆದವರು ನನ್ನನ್ನು ಎಂದೂ ಕಂಡಿರಲಿಲ್ಲ. ನಾನು, "ಗ್ರಂಥಾಲಯದಾವ," ಎಂದೆ. ಅಷ್ಟಕ್ಕೇ ಪಾರಾಗಬಹುದೆಂದು ನನ್ನ ಆಸೆ.

"ಇವರ ನೋಡ್ರಿ ಗುರುಪಾದ," ಎಂದರು ಟೀಚರ್.

"ಹೌದೇನು?" ಎಂದರು ಕಾಶವ್ವ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು, "ಬರ್ರಿ ಇಲ್ಲೆ, ಈ ಸಿಲಿಂಡರ್ ಗಟ್ಟಿಗೆ ಹಿಡೀರಿ. ಗಾಡ್ಯಾಗ ಅಳ್ಳಾಡಬಾರದು," ಎಂದರು. ಆಸ್ಪತ್ರೆಯವರೆಗೂ ನಾನು ಸಿಲಿಂಡರನ್ನು ತಬ್ಬಿ ಹಿಡಿದು ಕುಳಿತೆ. ಗಾಡಿಯಲ್ಲಿ ನನ್ನ ದನಿ ಕೇಳಿಸಲಿಲ್ಲ. ದ್ಯಾಮಣ್ಣ ಅದನ್ನು ಆರಿಸಿಬಿಟ್ಟಿದ್ದ.

ಅದೇ ಸಂಜೆ ಗ್ರಂಥಾಲಯಕ್ಕೆ ಬಂದು ಆ ಅರುವತ್ತು ಸಾಲುಗಳನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ಬೀದಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಸರಿದರೆ ಹೇಗೆ ಲೆಕ್ಕ ಹಿಡಿಯಬೇಕು ಎಂಬುದು ಅದರಲ್ಲಿತ್ತು. ಮೇಲೆ ಒಂದು ಸಾಲಿನ ವಿವರಣೆಯೂ ಇತ್ತು: "ಕಾಶವ್ವ ಸಿಸ್ಟರ್ ಹೇಳಿದ್ದು." ಅದರ ಎದುರಿಗೆ ನನ್ನದೇ ಟಿಪ್ಪಣಿ: "ಇಲ್ಲಿ ನಾಲ್ಕು ಜಾಗ ಬಿಡಬೇಕು, ಎರಡಲ್ಲ."

ಮರುದಿನ ಆ್ಯಪಿನ ಉಸ್ತುವಾರಿಗೆ ಒಂದು ರಾಜೀನಾಮೆ ಪತ್ರ ಬರೆದುಕೊಂಡು ಹೆಣ್ಣುಮಕ್ಕಳ ಶಾಲೆಗೆ ಹೋದೆ. ಯಾರೂ ಕೊಡದ ಹುದ್ದೆಗೆ ರಾಜೀನಾಮೆ ಯಾರಿಗೆ ಕೊಡಬೇಕೆಂದು ತಿಳಿಯದೆ ಟೀಚರ್ ಹೆಸರಿಗೇ ಬರೆದಿದ್ದೆ. ಚೆನ್ನಾಗಿ ಬರೆದಿದ್ದೆ, 'ನೈತಿಕ ಹೊಣೆ' ಎಂಬ ಮಾತು ಮೂರು ಕಡೆ ಇತ್ತು. ಅವರು ಓದಿ ಮಡಚಿ ಮೇಜಿನ ಮೇಲಿಟ್ಟರು.

"ನೀವು ವಾಪಸ್ ಕಳಿಸಿದ ಮ್ಯಾಲ ಕೋಡ್ ಒಯ್ದು ನಮ್ಮ ಶಾಲಿಗೆ ಅಂತ ಬ್ಯಾರೆ ಮಾಡ್ಕೊಂಡ್ವಿ," ಎಂದರು. "ಮೊದಲ ನಲವತ್ತು ಹುಡಿಗ್ಯಾರು. ಆಮ್ಯಾಲ ಅವರ ಮನಿಯವರು. ಈಗ ಊರಾಗ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನ ನೋಡ್ತಾರ."

ಬೇಕಾದವರು ಒಯ್ಯಬಹುದು ಎಂದು ನಾನೇ ಬರೆದಿದ್ದೆ. ನಿಜವಾಗಿ ಯಾರಾದರೂ ಒಯ್ಯುತ್ತಾರೆಂದು ಎಣಿಸಿರಲಿಲ್ಲ. ಜನರಿಗೆ ದಾರಿ ಬಾಯಿಪಾಠವಾಗಿದೆ ಎಂದು ನಾನು ಬರೆದ ಲೇಖನ ನೆನಪಾಗಿ ಕಿವಿ ಬಿಸಿಯಾಯಿತು.

"ನನಗ ಯಾಕ ಹೇಳಲಿಲ್ರಿ?"

"ಹೇಳಿದ್ನೆಲ್ರಿ. ಎರಡು ಸಲ." ಅವರು ನಕ್ಕರು, ಆದರೆ ಪೂರ್ತಿ ನಗಲಿಲ್ಲ. "ನಿನ್ನೆ ನಾನೂ ತಪ್ಪು ಮಾಡೀನ್ರಿ. ದವಾಖಾನಿ ಗಾಡ್ಯಾಗ ನಿಮ್ಮದ ಐತಿ ಅಂತ ನನಗ ಗೊತ್ತಿತ್ತು. ಜಗಳ ಯಾಕ ಅಂತ ಸುಮ್ಮನಿದ್ದೆ." ಪತ್ರವನ್ನು ನನ್ನ ಕಡೆ ಸರಿಸಿದರು. "ಇದು ನನಗ ಬ್ಯಾಡ. ನಿಮ್ಮ ಡಬ್ಬ್ಯಾಗ ಎಷ್ಟು ದೂರು ಅದಾವು?"

"ನಾಕನೂರಾ ಹನ್ನೆರಡು."

"ಅದರಾಗ ನೀವು ಹೋಗಿ ನೋಡಿದ್ದು?"

ನಾನು ಪತ್ರವನ್ನು ಜೇಬಿಗೆ ಹಾಕಿಕೊಂಡೆ. ಗಂಟೆ ಹೊಡೆಯಿತು, ಅವರು ಪಾಠಕ್ಕೆ ಎದ್ದು ಹೋದರು.

ಎರಡು ಆ್ಯಪುಗಳನ್ನು ಒಂದು ಮಾಡಲು ಒಂದು ತಿಂಗಳು ಹಿಡಿಯಿತು. ಉಳಿದದ್ದು ಹೆಚ್ಚಾಗಿ ಟೀಚರ್ ಬರೆದದ್ದೇ. ಆಸ್ಪತ್ರೆಯ ಗಾಡಿಯಲ್ಲಿ ಮಾತ್ರ ಮೊದಲ ವಾರವೇ ಟೀಚರ್ ಆ್ಯಪನ್ನು ಹಾಕಿಸಿದೆವು. ಪ್ರತಿ ಬುಧವಾರ ಮಧ್ಯಾಹ್ನ ಗ್ರಂಥಾಲಯದ ಜಗುಲಿಯ ಮೇಲೆ ಚಾಪೆ ಹಾಸಿ, ಡಬ್ಬಿಯ ಚೀಟಿಗಳನ್ನು ಗಟ್ಟಿಯಾಗಿ ಓದತೊಡಗಿದೆವು. ಬರೆದವರನ್ನೇ ಕರೆಸಿ ಕೇಳುತ್ತಿದ್ದೆವು. ಮೊದಲ ಬುಧವಾರ ಬಂದವರು ನಾಲ್ಕು ಜನ, ಅವರಲ್ಲಿ ಇಬ್ಬರು ಮಳೆಗೆ ನಿಂತವರು. ನನಗೆ ಕೊಟ್ಟ ಕೆಲಸ ಚಹಾ ತರುವುದು, ಮತ್ತು ಯಾರಾದರೂ ಹೇಳುತ್ತಿರುವಾಗ ನಡುವೆ ಬಾಯಿ ಹಾಕದಿರುವುದು. ಎರಡನೆಯದು ಕಷ್ಟವಾಗಿತ್ತು. "ಆದರೆ ನನ್ನ ಕಡೆ" ಎಂದು ಬಾಯಿ ತೆರೆದಾಗಲೆಲ್ಲ ಟೀಚರ್ ನನ್ನ ಲೋಟಕ್ಕೆ ಚಹಾ ಸುರಿಯುತ್ತಿದ್ದರು. ಆ ತಿಂಗಳು ನಾನು ಕುಡಿದ ಚಹಾಕ್ಕೆ ಮಿತಿಯಿಲ್ಲ. ಆದರೂ ಜನ ಬರತೊಡಗಿದರು. ಮೀನು ಮಾರುಕಟ್ಟೆಯ ಹೆಂಗಸೊಬ್ಬಳು ತಮ್ಮ ಸಾಲು ಅಮಾವಾಸ್ಯೆಯ ದಿನ ಸರಿಯುವುದೇ ಇಲ್ಲ ಎಂದಳು. ಅದು ನಿಜವಾಗಿತ್ತು. ನನ್ನ ಮೂರು ವರ್ಷದ ಲೆಕ್ಕದಲ್ಲಿ ಅದು ಇರಲಿಲ್ಲ, ಏಕೆಂದರೆ ಮೀನು ಮಾರುವವರು ಗ್ರಂಥಾಲಯಕ್ಕೆ ಬಂದಿರಲಿಲ್ಲ.

ಈರಣ್ಣ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಅವನನ್ನು ನೋಡಲು ಹೋಗುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ. ಕೊನೆಗೆ ಒಂದು ಮಳೆಯ ಮರುದಿನ ಕಾಶವ್ವ ಗ್ರಂಥಾಲಯದ ಬಾಗಿಲಿಗೆ ಬಂದು, "ಚಪ್ಪಲಿ ಹಾಕ್ಕೋರಿ," ಎಂದರು. ಹನ್ನೊಂದರ ಸುಮಾರಿಗೆ ನೇಕಾರ ಓಣಿಗೆ ಹೋದೆವು. ಓಣಿಯ ಉದ್ದಕ್ಕೂ ಮಗ್ಗಕ್ಕೇರಿಸುವ ಹಾಸಿನ ನೂಲು ಎಳೆದು ಕಟ್ಟಿದ್ದರು, ಹೆಂಗಸರು ಎರಡೂ ಬದಿ ನಿಂತು ಕುಂಚದಿಂದ ಗಂಜಿ ಹಚ್ಚುತ್ತಿದ್ದರು. ಮನೆಗಳೊಳಗಿಂದ ಮಗ್ಗಗಳ ಸದ್ದು ಬರುತ್ತಿತ್ತು. ಈರಣ್ಣ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ಸೊರಗಿದ್ದ. ನನ್ನನ್ನು ಕಂಡು ಕೇಳಿದ:

"ಅವತ್ತ ನಿಮ್ಮ ಮಷೀನ್ದಾಗ ನಾ ಸತ್ತಿದ್ನೋ, ಬದುಕಿದ್ನೋ?"

ನಾನು ನೆಲ ನೋಡುತ್ತ, "ನನ್ನ ತಪ್ಪಾತು ಈರಣ್ಣ," ಎಂದೆ. ಅದಕ್ಕಿಂತ ದೊಡ್ಡ ಮಾತು ಯೋಚಿಸಿಕೊಂಡು ಬಂದಿದ್ದೆ, ಬಾಯಿಗೆ ಬರಲಿಲ್ಲ. ಅವನು ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಕುಳಿತೆ.

ಹನ್ನೊಂದೂ ಇಪ್ಪತ್ತರ ಹೊತ್ತಿಗೆ ಮಗ್ಗಗಳು ಒಂದೊಂದಾಗಿ ನಿಂತವು. ಯಾರೂ ಯಾರಿಗೂ ಹೇಳಲಿಲ್ಲ. ಹೆಂಗಸರು ಕೈಯಲ್ಲಿದ್ದ ಕುಂಚ ಕೆಳಗಿಟ್ಟು ಹಾಸಿನ ನೂಲನ್ನು ಎರಡೂ ಬದಿಯಿಂದ ಹಗುರವಾಗಿ ಹಿಡಿದುಕೊಂಡರು. ನೆಲ ಅಲುಗಲಿಲ್ಲ, ಸದ್ದಾಗಲಿಲ್ಲ. ಎಡಗಡೆ ಬಿದ್ದಿದ್ದ ನಮ್ಮ ನೆರಳು ಹಾಗೇ ಸುತ್ತಿ ಬಲಗಡೆಗೆ ಬಂತು. ಓಣಿಯ ತುದಿಯಲ್ಲಿ ನಾನು ಬರುವಾಗ ಬಳೆ ಅಂಗಡಿ ಇತ್ತು. ಈಗ ಅಲ್ಲಿ ಗೋದಾಮಿನ ಕೆಂಪು ಬಾಗಿಲು ಇತ್ತು. ಒಂದು ಕೋಳಿ ಕಾಳು ಹೆಕ್ಕುವುದನ್ನು ನಿಲ್ಲಿಸಲೂ ಇಲ್ಲ. ಹೆಂಗಸರು ಮತ್ತೆ ಕುಂಚ ಎತ್ತಿಕೊಂಡರು. ಒಂದು ಮಗ್ಗ ಶುರುವಾಯಿತು, ಆಮೇಲೆ ಇನ್ನೊಂದು.

ಬೀದಿಗಳ ಬಗ್ಗೆ ಊರಿನಲ್ಲಿ ನನಗಿಂತ ಹೆಚ್ಚು ಮಾತಾಡಿದವರಿಲ್ಲ. ಒಂದು ಬೀದಿ ಸರಿಯುವುದನ್ನು ನಾನು ಕಂಡದ್ದು ಅದೇ ಮೊದಲು. ಆರು ಗಂಟೆಗೆ ನಾನು ಯಾವತ್ತೂ ನಿದ್ದೆಯಲ್ಲಿರುತ್ತಿದ್ದೆ.

ಕಣ್ಣು ಒರೆಸಿಕೊಂಡು ಜೇಬಿನಿಂದ ಪುಸ್ತಕ ತೆಗೆದು ಬರೆದೆ. ಈರಣ್ಣ ಬಾಗಿ ನೋಡಿದ. ಅವನಿಗೆ ಕಣ್ಣು ಮಂಜು.

"ಏನ್ ಬರದ್ರಿ? ಓದ್ರಿ."

"ಹನ್ನೊಂದು ಇಪ್ಪತ್ತಕ್ಕೆ ನೇಕಾರ ಓಣಿ ಸರಿಯಿತು. ಇದನ್ನು ನಾನು ಕಂಡೆ."

"ನಾನು ಕಂಡೆ ಅನ್ನೂದ ತಗೀರಿ," ಎಂದ ಈರಣ್ಣ. "ಓಣ್ಯಾಗ ಎಲ್ಲಾರೂ ಕಂಡಾರ."

ಅದನ್ನು ಹೊಡೆದು ಹಾಕಿದೆ. ಆಮೇಲೆ ಎದ್ದು, ಯಾರು ಯಾರು ಕಂಡಿರಿ, ಹೆಸರು ಹೇಳಿ ಎಂದು ಕೇಳಿದೆ. ಮೊದಲ ಹೆಸರು ಕಾಶವ್ವನದು ಎಂದು ಹೆಂಗಸರೇ ಹೇಳಿದರು, ಬರೆದೆ. ಎರಡನೆಯದು ಈರಣ್ಣ. ಗಂಜಿಯ ಕೈ ಒರೆಸಿಕೊಂಡು ಒಬ್ಬೊಬ್ಬರೇ ಬಂದು ಹೇಳಿದರು, ತಮ್ಮದು, ಅತ್ತೆಯದು, ಮಗ್ಗ ಬಿಟ್ಟು ಬರಲಾಗದ ಗಂಡನದು. ಒಬ್ಬಾಕೆ ತೀರಿಹೋದ ತನ್ನ ಅಪ್ಪನ ಹೆಸರೂ ಬರೆಯಿರಿ, ಮೊದಲು ಕಂಡು ಹೇಳಿದವನು ಅವನೇ ಎಂದಳು. ಊಟದ ಹೊತ್ತು ಮೀರಿತು. ಪುಸ್ತಕದ ಹಾಳೆ ಮುಗಿದಾಗ ಕಾಶವ್ವ ತಮ್ಮ ಚೀಲದಿಂದ ಒಂದಷ್ಟು ಕಾಗದ ತೆಗೆದುಕೊಟ್ಟರು. ಓಣಿಯ ಆ ತುದಿಯ ಮನೆಗಳು ಇನ್ನೂ ಉಳಿದಿದ್ದವು. ನಾನು ಅತ್ತ ನಡೆದೆ.